ಬಣ್ಣದ ಪೆಟ್ಟಿಗೆಯಿಂದ ಸೀಸ, ಪಾದರಸ ಹೊರಗೆ ಹಾಕಿದ ಬಗೆ

ಗದಗ, ಹಾವೇರಿ ಸೀಮೆಯ ದೊಡ್ಡಾಟಗಳಿಗೆ ಬಣ್ಣ ಹಚ್ಚುವವನು ನಾನು. ಹಳೆಯ ಪೆಟ್ಟಿಗೆ ತೆರೆದರೆ ಮೊದಲು ನೋಡಬೇಕಾದ್ದು ನಾಲ್ಕು ಪುಡಿ. ಹಳೆಯ ಕಿತ್ತಳೆ ಸಿಂಧೂರ ಸೀಸದ ಆಕ್ಸೈಡ್. ಕೆಂಪು ಇಂಗಳೀಕದಲ್ಲಿ ಪಾದರಸ, ಹಳದಿ ಅರದಾಳದಲ್ಲಿ ಆರ್ಸೆನಿಕ್. ಬಿಳಿ ಪುಡಿ ಸಫೇತದ್ದೇ ಗೊಂದಲ: ಸತುವಿನ ಆಕ್ಸೈಡ್ ಆಗಿದ್ದರೆ ಚಿಂತೆಯಿಲ್ಲ, ಸೀಸದ ಕಾರ್ಬೊನೇಟ್ ಆಗಿದ್ದರೆ ವಿಷ. ಕಣ್ಣಿಗೆ ಎರಡೂ ಬೆಳ್ಳಗೆ. ವಿನೆಗರ್ ಹನಿಸಿ ನೊರೆ ನೋಡುವ ಉಪಾಯವನ್ನು ನಾನು ನಂಬುವುದಿಲ್ಲ, ಸೀಮೆಸುಣ್ಣಕ್ಕೂ ನೊರೆ ಬರುತ್ತದೆ. ಚೀಟಿಯಿಲ್ಲದ ಬಿಡಿ ಪುಡಿ ಯಾವುದನ್ನೂ ಮುಖಕ್ಕೆ ಹಚ್ಚುವುದಿಲ್ಲ. ಕಣ್ಣಿಗೆ ಹಚ್ಚುವ ಸುರ್ಮಾಕ್ಕೂ ಇದೇ ಮಾತು, ಅದರಲ್ಲಿ ಸೀಸದ ಸಲ್ಫೈಡ್ ಇರಬಹುದು.

ಕಲಾವಿದರು ಹೆದರುವುದು ಚರ್ಮಕ್ಕೆ. ಈ ಪುಡಿಗಳ ಸೀಸ ಚರ್ಮದಿಂದ ಇಳಿಯುವುದು ಬಹಳ ಕಡಿಮೆ, ಅದರ ದೊಡ್ಡ ದಾರಿ ಬಾಯಿ ಮತ್ತು ಉಸಿರು. ಕಲಸುವಾಗ ಏಳುವ ಧೂಳು, ತುಟಿಯ ಬಣ್ಣ, ಬಣ್ಣದ ಕೈಯಲ್ಲೇ ತಿಕ್ಕಿದ ತಂಬಾಕು, ತಿಂದ ಮಿರ್ಚಿ-ಮಂಡಕ್ಕಿ. ಮಕ್ಕಳ ಹೊಟ್ಟೆ ದೊಡ್ಡವರದಕ್ಕಿಂತ ಹಲವು ಪಟ್ಟು ಸೀಸ ಹೀರುತ್ತದೆ, ಬಾಲಕೃಷ್ಣನ ಪಾತ್ರಕ್ಕೆ ಬಣ್ಣ ಹಚ್ಚುವವರು ಇದನ್ನು ಮರೆಯಬಾರದು. ಹೊಟ್ಟೆ ಹಿಂಡುವುದು, ಮಲಬದ್ಧತೆ, ರಕ್ತಹೀನತೆ, ಕೀಲುನೋವು, ಕೊನೆಗೆ ಮಣಿಕಟ್ಟು ಸೋಲುವುದು ಸೀಸದ ಲಕ್ಷಣ. ನಮ್ಮಲ್ಲಿ ಇದನ್ನೆಲ್ಲ ರಾತ್ರಿ ನಿದ್ದೆಗೆಟ್ಟದ್ದರ ಲೆಕ್ಕಕ್ಕೆ ಬರೆಯುತ್ತಾರೆ. ಜಪಾನಿನಲ್ಲಿ 1887ರಲ್ಲಿ ಚಕ್ರವರ್ತಿಯ ಮುಂದೆ ಆಡುವಾಗ ಕಬುಕಿ ಎಂಬ ಅಲ್ಲಿನ ರಂಗಪ್ರಕಾರದ ನಟ ನಕಮುರಾ ಫುಕುಸುಕೆಯ ಕಾಲು ನಡುಗಿತು. ಅದಕ್ಕೆ ಕಾರಣ ಸೀಸದ ಬಿಳಿ ಬಣ್ಣವೆಂದು ಗೊತ್ತಾದ ಮೇಲೆಯೇ ಅಲ್ಲಿ ಸೀಸವಿಲ್ಲದ ಬಿಳಿಗೆ ಹುಡುಕಾಟ ಜೋರಾಯಿತು.

ಈಗ ಕಾಸ್ಮೆಟಿಕ್ ದರ್ಜೆಯ ಪುಡಿಯನ್ನಷ್ಟೇ ತರಿಸುತ್ತೇನೆ. ಚೀಟಿಯ ಮೇಲೆ ಸಿಐ ಸಂಖ್ಯೆ, ಅಂದರೆ ಬಣ್ಣದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಬೇಕು: ಬಿಳಿಗೆ 77947 (ಸತುವಿನ ಆಕ್ಸೈಡ್) ಅಥವಾ 77891 (ಟೈಟಾನಿಯಂ ಡೈಆಕ್ಸೈಡ್), ಕಬ್ಬಿಣದ ಆಕ್ಸೈಡುಗಳಲ್ಲಿ ಕೆಂಪಿಗೆ 77491, ಹಳದಿಗೆ 77492, ಕಪ್ಪಿಗೆ 77499. ನಮ್ಮ ಕಾನೂನಿನಲ್ಲಿ ಸೌಂದರ್ಯವರ್ಧಕದ ಬಣ್ಣಕ್ಕೆ ಸೀಸದ ಮಿತಿ 20 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 20 ಪಾಲು), ಆರ್ಸೆನಿಕ್‌ನದು 2. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಅಗ್ಗವೆಂದು ತರಬೇಡಿ, ಅದನ್ನು ಮುಖಕ್ಕೆಂದು ಶುದ್ಧ ಮಾಡಿರುವುದಿಲ್ಲ.

10 ಗ್ರಾಂ ಸತುವಿನ ಆಕ್ಸೈಡಿಗೆ 5–6 ಮಿಲಿ ಕೊಬ್ಬರಿ ಎಣ್ಣೆ. ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಗಾಜಿನ ಮೇಲೆ ಚಮಚದ ಬೆನ್ನಿನಿಂದ ಅರೆಯಬೇಕು. ಒಮ್ಮೆಲೇ ಸುರಿದರೆ ಗಂಟು ಉಳಿದು ಮುಖದ ಮೇಲೆ ಚುಕ್ಕೆ ಬೀಳುತ್ತದೆ. ಬೇಸಿಗೆಯ ಜಾತ್ರೆಗಳಲ್ಲಿ ಬಣ್ಣ ಇಳಿಯುತ್ತದೆ. ಅದಕ್ಕೆ 10 ಮಿಲಿ ಎಣ್ಣೆಯಲ್ಲಿ 1 ಗ್ರಾಂ ಜೇನುಮೇಣ ಕರಗಿಸಿ, ಆರಿಸಿ ಬಳಸುತ್ತೇನೆ. ಪುಡಿಯನ್ನು ಮಾತ್ರ ಒಲೆಯ ಹತ್ತಿರ ತರುವುದಿಲ್ಲ. ಇಂಗಳೀಕ ಬೆರೆತಿದ್ದರೆ ಕಾಯಿಸಿದಾಗ ಪಾದರಸದ ಆವಿ ಏಳುತ್ತದೆ.

ರಾಕ್ಷಸ ಸೋಗಿನವರ ತಕರಾರು ಒಂದೇ: ಆಕ್ಸೈಡ್ ಕೆಂಪು ಇಟ್ಟಂಗಿ ಬಣ್ಣ, ಇಂಗಳೀಕದ ಉರಿಗೆಂಪಲ್ಲ. ಮಾತು ನಿಜ. ನಾಲ್ಕು ಪಾಲು ಆಕ್ಸೈಡಿಗೆ ಒಂದು ಪಾಲು ಸಿಐ 15850ರ ಲೇಕ್ ಕೆಂಪು (ಕರಗದ ಪುಡಿಯಾಗಿಸಿದ ಕೃತಕ ಬಣ್ಣ) ಸೇರಿಸಿದರೆ ಎಲ್‌ಇಡಿ ಬೆಳಕಿನಲ್ಲೂ ಕಳೆ ಬರುತ್ತದೆ. ತುಟಿಗೂ ಅದೇ.

ಕಲಸುವಾಗ ಎನ್95 ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಆಟ ಮುಗಿದ ಮೇಲೆ ಮೊದಲು ತುಟಿ ಒರೆಸಿ, ನಂತರ ಎಣ್ಣೆ-ಹತ್ತಿಯಿಂದ ಮುಖ, ಕೊನೆಗೆ ಸಾಬೂನು. ಸೀಮೆಎಣ್ಣೆ ಬೇಡ. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಹಸಿ ಬಟ್ಟೆಯಿಂದ ಒರೆಸಿ.

ವರ್ಷಗಟ್ಟಲೆ ಹಳೆಯ ಬಣ್ಣ ಹಚ್ಚಿಕೊಂಡವರು ವೈದ್ಯರಿಗೆ ಅದನ್ನು ಹೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಣ್ಣ ಬಿಟ್ಟ ಮೇಲೆ ರಕ್ತದ ಸೀಸ ತಿಂಗಳುಗಳಲ್ಲಿ ಇಳಿಯುತ್ತದೆ, ಎಲುಬಿನದು ದಶಕಗಟ್ಟಲೆ ಉಳಿಯುತ್ತದೆ. ಅದಕ್ಕೇ ಪರೀಕ್ಷೆಯನ್ನು ಜಾತ್ರೆಯ ಹಂಗಾಮು ಮುಗಿದ ವಾರದಲ್ಲೇ ಮಾಡಿಸುವುದು ಲೇಸು.