ಹಳೇ ಶೆವ್ರೊಲೆ ಪಿಕಪ್‌ಗೆ ಚಾಸಿ ಕಿಟ್ ಕೊಳ್ಳುವ ಮುನ್ನ

1947ರಿಂದ 1953ರವರೆಗಿನ ಶೆವ್ರೊಲೆ 3100 ಪಿಕಪ್ ಕೆಳಗೆ ಅದೇ ಕಂಪನಿಯ ಆಮೇಲಿನ ಸಣ್ಣ ಪಿಕಪ್ ಎಸ್-10ರ ಚಾಸಿ (ಬಾಡಿಯನ್ನು ಹೊರುವ ಕೆಳಗಿನ ಫ್ರೇಮ್) ಕೂರಿಸುವವರು ಕಿಟ್‌ನ ಬೆಲೆ ಆಮೇಲೆ ನೋಡಿ, ಮೊದಲು ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ, ಹೊಂದಿಸಿ. 3100ರದ್ದು 116 ಇಂಚು. ಎಸ್-10ಗಳಲ್ಲಿ ಸಾದಾ ಕ್ಯಾಬ್ (ಚಾಲಕ ಕೂರುವ ಭಾಗ), ಉದ್ದ ಬೆಡ್ (ಹಿಂದಿನ ಸರಕಿನ ಭಾಗ) ಇರುವ ಗಾಡಿಯದ್ದು ಸುಮಾರು 118. ಇದೇ ಹತ್ತಿರದ ಜೋಡಿ. ಗಿಡ್ಡ ಬೆಡ್‌ನದ್ದು 108 ಚಿಲ್ಲರೆ, ಎಕ್ಸ್‌ಟೆಂಡೆಡ್ ಕ್ಯಾಬ್‌ನದ್ದು (ಸೀಟಿನ ಹಿಂದೆ ಹೆಚ್ಚು ಜಾಗ ಇರುವಂಥದ್ದು) ಸುಮಾರು 123. ಇವೆರಡರಲ್ಲಿ ಯಾವುದನ್ನು ತಂದರೂ ಫ್ರೇಮ್ ಕತ್ತರಿಸಿ ಬೆಸುಗೆ ಹಾಕಬೇಕಾಗುತ್ತದೆ, ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಬದಲಿಸಬೇಕು. ಸುಮ್ನೆ ಯಾಕೆ ಆ ಖರ್ಚು, ಅಲ್ವಾ? ಕಿಟ್ ಅಂದರೆ ಮುಖ್ಯವಾಗಿ ಕ್ಯಾಬ್, ಬೆಡ್, ರೇಡಿಯೇಟರ್ ಸಪೋರ್ಟ್ ಕೂರಿಸುವ ಬ್ರಾಕೆಟ್‌ಗಳು. ಅವು ಬಾಡಿಯನ್ನು ಸರಿಯಾದ ಎತ್ತರಕ್ಕೆ ತರುತ್ತವೆ, ಆದರೆ ಹಿಂದಿನ ಚಕ್ರ ಫೆಂಡರಿನ ನಟ್ಟನಡುವೆ ಬರುವುದು ವ್ಹೀಲ್‌ಬೇಸ್ ಕೂಡಿಬಂದರೆ ಮಾತ್ರ. ಮಾರುವವರ ಮಾತು ನಂಬಬೇಡಿ. ಮುಂದಿನ ಚಕ್ರ ನೇರ ಇಟ್ಟು, ಒಂದೇ ಬದಿಯ ಮುಂದಿನ, ಹಿಂದಿನ ಹಬ್‌ಗಳ ನಡುಬಿಂದುವಿನಿಂದ ತೂಕದ ದಾರ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಟೇಪ್ ಹಿಡಿಯಿರಿ. ಎರಡೂ ಬದಿ ಅಳೆಯಿರಿ. ಅಳತೆ ಬೇರೆ ಬೇರೆ ಬಂದರೆ ಆ ಫ್ರೇಮ್ ಬೇಡವೇ ಬೇಡ, ಅಪಘಾತದಲ್ಲಿ ಸೊಟ್ಟಗಾಗಿರುವ ಸಾಧ್ಯತೆ ಜಾಸ್ತಿ. ವ್ಹೀಲ್‌ಬೇಸ್ ಸರಿಯಾದ ಮಾತ್ರಕ್ಕೆ ಅಗಲ ಸರಿಯಾಗುವುದಿಲ್ಲ. ಎರಡು ಚಕ್ರ ಚಾಲನೆಯ ಎಸ್-10 ಕಿರಿದು, ಚಕ್ರಗಳು ಫೆಂಡರಿನೊಳಗೆ ಹುದುಗಿದಂತೆ ಕಾಣುತ್ತವೆ, ಅದಕ್ಕೆ ಬೇರೆ ಆಫ್‌ಸೆಟ್‌ನ, ಅಂದರೆ ಟೈರನ್ನು ಹೊರಕ್ಕೆ ತರುವ, ವ್ಹೀಲ್ ಬೇಕು. ಬಿಗ್ ಬ್ಲಾಕ್ ಎನ್ನುವ ದೊಡ್ಡ, ಭಾರದ ವಿ8 ಎಂಜಿನ್ ಹಾಕುವ, ಭಾರದ ಟ್ರೇಲರ್ ಎಳೆಯುವ ಯೋಚನೆ ಇದ್ದರೆ ಈ ಸಣ್ಣ ಚಾಸಿಯನ್ನೇ ಬಿಟ್ಟುಬಿಡಿ.