ಮನೆಯ ಕಂಪ್ಯೂಟರಿಗೆ ಸ್ಪೈವೇರ್ ಬಾರದಂತೆ ನಾನು ಮಾಡಿಕೊಂಡ ಏರ್ಪಾಡು

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅಪ್ಪ ಅದರಲ್ಲೇ ಕನ್ನಡದಲ್ಲಿ ಬರೆಯುತ್ತಾರೆ, ಮಗ ಆಟ ಆಡುತ್ತಾನೆ, ನಾನು ಬ್ಯಾಂಕ್ ಕೆಲಸ ನೋಡುತ್ತೇನೆ. ಒಬ್ಬರ ಕೈಯಿಂದ ಸ್ಪೈವೇರ್, ಅಂದರೆ ಗೊತ್ತಾಗದಂತೆ ನಮ್ಮ ಮಾಹಿತಿ ಕದಿಯುವ ಪ್ರೋಗ್ರಾಂ, ಒಳಗೆ ಬಂದರೆ ಎಲ್ಲರ ಪಾಸ್‌ವರ್ಡಿಗೂ ಅಪಾಯ. ಅದಕ್ಕೇ ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡೆ.

ಯಾವ ಆಂಟಿವೈರಸ್ ಹಾಕಿದ್ದೀಯ ಅಂತ ನೆಂಟರು ಕೇಳುತ್ತಾರೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇದೆ, ಮನೆ ಬಳಕೆಗೆ ಅಷ್ಟು ಸಾಕು. ಮನೆಗಳಿಗೆ ಬರುವ ಸ್ಪೈವೇರನ್ನು ಬಹಳಷ್ಟು ಸಲ ನಾವೇ ಕ್ಲಿಕ್ ಮಾಡಿ, ‘ಯೆಸ್’ ಒತ್ತಿ ಒಳಗೆ ಬಿಟ್ಟಿರುತ್ತೇವೆ. ಹಾಗಾಗಿ ಏನು ಇನ್‌ಸ್ಟಾಲ್ ಆಗಬೇಕು, ಯಾರು ಮಾಡಬೇಕು ಅನ್ನುವುದನ್ನು ಮೊದಲು ಬಿಗಿ ಮಾಡಿದೆ.

ಹೊಸ ಕಂಪ್ಯೂಟರಿನಲ್ಲಿ ಮೊದಲು ತೆರೆಯುವ ಅಕೌಂಟ್ ಅಡ್ಮಿನಿಸ್ಟ್ರೇಟರ್ (ಅಡ್ಮಿನ್) ಆಗಿರುತ್ತದೆ, ಅಂದರೆ ಇಡೀ ಯಂತ್ರವನ್ನು ಬದಲಿಸುವ ಅಧಿಕಾರ ಅದಕ್ಕಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ನಾನು ಅದನ್ನು ಇನ್‌ಸ್ಟಾಲ್ ಕೆಲಸಕ್ಕೆ ಮಾತ್ರ ಇಟ್ಟುಕೊಂಡು, ಒಬ್ಬೊಬ್ಬರಿಗೂ ಆ ಅಧಿಕಾರವಿಲ್ಲದ ಬೇರೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿದೆ. “ನನ್ನ ಮೇಲೆ ನಂಬಿಕೆ ಇಲ್ವೇನೋ?” ಅಂದರು ಅಪ್ಪ. “ದಿನಾ ನಾನು ಬಳಸೋದೂ ಅಂಥದ್ದೇ ಅಪ್ಪ” ಅಂತ ತೋರಿಸಿದ ಮೇಲೆ ಒಪ್ಪಿದರು. ಇದರಿಂದ ಎರಡು ಲಾಭ. ಇಡೀ ಯಂತ್ರದ ಮೇಲೆ ಹಿಡಿತ ಬೇಕಾದ ಪ್ರೋಗ್ರಾಂ ಯಾವುದೇ ಇರಲಿ, ಅಡ್ಮಿನ್ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತದೆ. ಎರಡನೆಯದೇ ನನಗೆ ಮುಖ್ಯ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿಗಳನ್ನು (ನಾವು ಲಾಗಿನ್ ಆಗಿದ್ದನ್ನು ತಾಣ ನೆನಪಿಡಲು ಇಡುವ ಸಣ್ಣ ಗುರುತು) ಕದಿಯುವ ಸ್ಪೈವೇರಿಗೆ ಅಡ್ಮಿನ್ ಅಧಿಕಾರವೇ ಬೇಕಿಲ್ಲ. ಅವು ಆ ಬಳಕೆದಾರರ ಫೋಲ್ಡರಿನಲ್ಲೇ ಸಿಗುತ್ತವೆ. ಆದರೆ ಸ್ಟ್ಯಾಂಡರ್ಡ್ ಅಕೌಂಟಿನಿಂದ ಇನ್ನೊಬ್ಬರ ಫೋಲ್ಡರ್ ತೆರೆಯಲು ಆಗುವುದಿಲ್ಲ. ಮಗನ ಅಕೌಂಟಿನಲ್ಲಿ ಏನಾದರೂ ಹೊಕ್ಕರೂ ನನ್ನ ಬ್ಯಾಂಕ್ ವಿವರ ಅದರ ಕೈಗೆ ಸುಲಭಕ್ಕೆ ಸಿಗದು.

ಇನ್ನು ಸಾಫ್ಟ್‌ವೇರ್. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅಂತ ಹುಡುಕಿದರೆ ತಯಾರಿಸಿದವರ ತಾಣದ ಜೊತೆ ಯಾವ್ಯಾವುದೋ ಡೌನ್‌ಲೋಡ್ ತಾಣಗಳೂ ಬರುತ್ತವೆ. ಅಂಥ ಕಡೆ ದೊಡ್ಡದಾಗಿ ಕಾಣುವ ಹಸಿರು ಬಟನ್ ಎಷ್ಟೋ ಸಲ ಜಾಹೀರಾತು. ಒತ್ತಿದರೆ ಬೇರೇನೋ ಇಳಿಯುತ್ತದೆ. ಅಪ್ಪನಿಗೆ ನಾನು ವಿಂಡೋಸ್‌ನಲ್ಲೇ ಇರುವ ಕನ್ನಡ ಫೋನೆಟಿಕ್ ಕೀಬೋರ್ಡ್ ಹಾಕಿಕೊಟ್ಟೆ. ಅದು 2019ರಿಂದಲೇ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಆಯಿತು. ಅವರ ಹಳೆಯ ಬರಹಗಳು ನುಡಿ ಫಾಂಟಿನಲ್ಲಿದ್ದವು. ಅವಕ್ಕಾಗಿ ನುಡಿ ಬೇಕೇ ಬೇಕಾಯಿತು. ಅದನ್ನು ತಯಾರಕರ ಕಡೆಯಿಂದಲೇ ತಂದು ಹಾಕಿದೆ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಇದೆ, ಉಚಿತ. ಹಣ ಕೊಡದೆ ಬಳಸಲು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ನಮ್ಮ ಮನೆಗೆ ಬೇಡವೇ ಬೇಡ. ಆ ಫೈಲ್ ಜೊತೆ ಬರುವ ಸೂಚನೆ ಓದಿದ್ದೀರಾ? “ಮೊದಲು ಆಂಟಿವೈರಸ್ ಆಫ್ ಮಾಡಿ” ಅಂತ ಬರೆದಿರುತ್ತಾರೆ. ಹಾಗೆ ಕೇಳುವವರನ್ನು ಯಾಕೆ ನಂಬಬೇಕು?

ವಿಂಡೋಸ್ ಅಪ್‌ಡೇಟ್ ತಾನಾಗಿ ಆಗಲು ಬಿಟ್ಟಿದ್ದೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ಹೊಸ ಆವೃತ್ತಿಗೆ ಹೋಗುವುದನ್ನು ಮುಂದಕ್ಕೆ ಹಾಕಬಾರದು.

ಬ್ರೌಸರಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಸುಮ್ನೆ ಬಣ್ಣ ಬದಲಿಸುವ ಒಂದು ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಕೂಡ ‘ಎಲ್ಲಾ ತಾಣಗಳಲ್ಲಿ ನಿಮ್ಮ ಮಾಹಿತಿ ಓದಲು, ಬದಲಿಸಲು’ ಅನುಮತಿ ಕೇಳಬಹುದು. ಕೊಟ್ಟರೆ ಬ್ಯಾಂಕಿನ ಪುಟವೂ ಅದಕ್ಕೆ ಕಾಣುತ್ತದೆ. ಇವತ್ತು ಒಳ್ಳೆಯದಿದ್ದ ಎಕ್ಸ್‌ಟೆನ್ಷನ್ ನಾಳೆ ಇನ್ಯಾರಿಗೋ ಮಾರಾಟವಾಗಿ, ಅಪ್‌ಡೇಟಿನ ಮೂಲಕ ಕೆಟ್ಟದ್ದಾಗಲೂಬಹುದು. ಅದಕ್ಕೆ ಫೈರ್‌ಫಾಕ್ಸ್‌ನಲ್ಲಿ ಜಾಹೀರಾತು ತಡೆಯುವ ಯೂಬ್ಲಾಕ್ ಆರಿಜಿನ್ ಮತ್ತು ಬಿಟ್‌ವಾರ್ಡನ್ ಪಾಸ್‌ವರ್ಡ್ ಮ್ಯಾನೇಜರ್ ಮಾತ್ರ ಇಟ್ಟು ಉಳಿದದ್ದನ್ನೆಲ್ಲ ತೆಗೆದೆ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸುವುದನ್ನು ನಿಲ್ಲಿಸಿದೆವು. ನೋಟಿಫಿಕೇಶನ್ ಕಳಿಸಲು ತಾಣಗಳಿಗೆ ಮೊದಲೇ ಕೊಟ್ಟಿದ್ದ ಅನುಮತಿಗಳನ್ನು ತೆಗೆದು, ಹೊಸದಾಗಿ ಕೇಳುವುದನ್ನೂ ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿದೆ. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಅಂತ ಮೂಲೆಯಲ್ಲಿ ಬಂದು ಅಪ್ಪನನ್ನು ಹೆದರಿಸುತ್ತಿದ್ದ ಸಂದೇಶಗಳು ಅದರಿಂದಲೇ ನಿಂತವು.

ಒಂದು ಮೋಸವನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ವಿವರಿಸಿದೆ. 2024ರಿಂದ ಇದು ಜಾಸ್ತಿಯಾಗಿದೆ. ‘ನೀವು ರೋಬೋಟ್ ಅಲ್ಲ ಎಂದು ತೋರಿಸಿ’ ಅನ್ನುವ ಪುಟ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ಅಷ್ಟರಲ್ಲಿ ಆ ಪುಟ ಒಂದು ಕಮಾಂಡನ್ನು ನಮಗೆ ಗೊತ್ತಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ನಾವೇ ಅದನ್ನು ಪೇಸ್ಟ್ ಮಾಡಿ ಓಡಿಸಿದಂತಾಗುತ್ತದೆ. ನಿಜವಾದ ಯಾವ ತಾಣವೂ ಈ ಕೀಗಳನ್ನು ಒತ್ತಲು ಹೇಳುವುದಿಲ್ಲ.

ಒಳಗೆ ಬಂದದ್ದನ್ನು ಹೊರಹಾಕುವ ಕೆಲಸ ಬಂದದ್ದು ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ. ಎಲ್ಲಿಂದಲೋ ಒಂದು ಆಟದ ಮಾಡ್ (ಆಟವನ್ನು ಬದಲಿಸುವ ಫೈಲ್) ಇಳಿಸಿಕೊಂಡಿದ್ದ. ಆಮೇಲೆ ಕ್ರೋಮ್‌ನಲ್ಲಿ ಏನು ಹುಡುಕಿದರೂ ಬೇರೊಂದು ಪುಟಕ್ಕೆ ಹೋಗುತ್ತಿತ್ತು. “ಚಿಕ್ಕಪ್ಪ, ಎಕ್ಸ್‌ಟೆನ್ಷನ್ ತೆಗೆದರೂ ಮತ್ತೆ ಬರ್ತಾ ಇದೆ” ಅಂದ. ಮೆನುವಿನಲ್ಲಿ ‘ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅಂತ ಬರುತ್ತಿತ್ತು. ಕಾಲೇಜು ಹುಡುಗನ ಸ್ವಂತ ಲ್ಯಾಪ್‌ಟಾಪಿಗೆ ಯಾವ ಸಂಸ್ಥೆ? ಕ್ರೋಮ್‌ನ ಪಾಲಿಸಿ ಪುಟ ತೆರೆದು ನೋಡಿದೆ. ಆ ಎಕ್ಸ್‌ಟೆನ್ಷನನ್ನು ಬಲವಂತವಾಗಿ ಹಾಕು ಅನ್ನುವ ನಿಯಮ ಅಲ್ಲಿತ್ತು.

ಅಂಥ ಹೊತ್ತಿನಲ್ಲಿ ನನಗೆ ಬೇಕಾದದ್ದು ಆಟೋರನ್ಸ್. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಬಳಗದ ಉಚಿತ ಸಾಧನ. ವಿಂಡೋಸ್ ಶುರುವಾದಾಗ ತಾನಾಗಿ ಏನೇನು ಓಡುತ್ತದೆ ಅನ್ನುವುದನ್ನು ಅದು ಒಂದೇ ಕಡೆ ತೋರಿಸುತ್ತದೆ. ಪಟ್ಟಿ ಉದ್ದ ಇರುತ್ತದೆ, ಹೆದರಬೇಕಿಲ್ಲ. ಮೈಕ್ರೋಸಾಫ್ಟಿನ ಸಾಲುಗಳನ್ನು ಮರೆಮಾಡುವ ಆಯ್ಕೆ ಇದೆ. ಉಳಿದದ್ದರಲ್ಲಿ ತಯಾರಕರ ಹೆಸರಿಲ್ಲದ್ದನ್ನು ಮೊದಲು ನೋಡುತ್ತೇನೆ. ಫೈಲನ್ನು ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೆ ನೋಡುವ ವೈರಸ್‌ಟೋಟಲ್ ತಾಣದಲ್ಲಿ ಪರೀಕ್ಷಿಸುವುದೂ ಅಲ್ಲಿಂದಲೇ ಆಗುತ್ತದೆ. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಶೆಡ್ಯೂಲ್ಡ್ ಟಾಸ್ಕ್, ಅಂದರೆ ಗೊತ್ತು ಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ, ಸಿಕ್ಕಿತು. ಆಪ್‌ಡೇಟಾ ಫೋಲ್ಡರಿನೊಳಗಿನ ಒಂದು ಸ್ಕ್ರಿಪ್ಟನ್ನು ಅದು ಮತ್ತೆ ಮತ್ತೆ ಓಡಿಸುತ್ತಿತ್ತು. ಆ ನಿಯಮವೂ ತೆಗೆದ ಎಕ್ಸ್‌ಟೆನ್ಷನ್ನೂ ಮರಳಿ ಬರುತ್ತಿದ್ದದ್ದು ಅದರಿಂದ. ಅನುಮಾನ ಬಂದ ಸಾಲನ್ನು ತಕ್ಷಣ ಅಳಿಸಬೇಡಿ. ಟಿಕ್ ತೆಗೆದರೆ ಅದು ಓಡುವುದಿಲ್ಲ, ತಪ್ಪಿದ್ದರೆ ಮತ್ತೆ ಹಾಕಬಹುದು.

ಆ ಟಾಸ್ಕ್ ನಿಲ್ಲಿಸಿ, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಇದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ, ಹಾಗಾಗಿ ಸ್ಪೈವೇರಿಗೆ ಅಡಗಿಕೊಳ್ಳುವುದು ಕಷ್ಟ. ಆಮೇಲೆ ಬ್ರೌಸರ್ ಸರಿಹೋಯಿತು. ಆದರೂ ನನಗೆ ಸಮಾಧಾನ ಆಗಲಿಲ್ಲ. ಒಮ್ಮೆ ಬಂದದ್ದು ಇನ್ನೇನು ಬಿಟ್ಟು ಹೋಗಿದೆಯೋ ಅಂತ ಖಚಿತವಾಗಿ ಹೇಳಲಾಗದು. ಹಾಗಾಗಿ ಫೋಟೋ, ನೋಟ್ಸ್ ಮಾತ್ರ ಪೆನ್‌ಡ್ರೈವಿಗೆ ತೆಗೆದು, ಎಲ್ಲವನ್ನೂ ಅಳಿಸಿ, ಮೈಕ್ರೋಸಾಫ್ಟಿನಿಂದಲೇ ಹೊಸ ಪ್ರತಿ ಇಳಿಸುವ ಕ್ಲೌಡ್ ಡೌನ್‌ಲೋಡ್ ಆಯ್ಕೆಯಿಂದ ವಿಂಡೋಸ್ ಹೊಸದಾಗಿ ಹಾಕಿದೆ. ಇನ್‌ಸ್ಟಾಲರ್ ಫೈಲ್ ಒಂದನ್ನೂ ಉಳಿಸಲಿಲ್ಲ.

ಪಾಸ್‌ವರ್ಡುಗಳನ್ನು ಆ ಲ್ಯಾಪ್‌ಟಾಪಿನಲ್ಲಿ ಮುಟ್ಟದೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕೂತು ಬದಲಿಸಿದೆವು, ಮೊದಲು ಇಮೇಲಿನದ್ದು. ಪ್ರತಿಯೊಂದರಲ್ಲೂ ‘ಎಲ್ಲಾ ಸಾಧನಗಳಿಂದ ಸೈನ್ ಔಟ್’ ಕೊಟ್ಟೆವು. ಕುಕಿ ಕದ್ದವರು ಪಾಸ್‌ವರ್ಡ್, ಓಟಿಪಿ ಎರಡೂ ಇಲ್ಲದೆ ಒಳಗೆ ಬರಬಲ್ಲರು, ಅದಕ್ಕೆ ಇದು ಬೇಕು. ಅವನ ಹಣವೇನೂ ಹೋಗಿರಲಿಲ್ಲ. ಹೋಗಿದ್ದರೆ ಇಷ್ಟೆಲ್ಲ ಮಾಡುವ ಮೊದಲು ಬ್ಯಾಂಕಿಗೆ ತಿಳಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ದೂರು ದಾಖಲಾಗುವ ತನಕ ಲ್ಯಾಪ್‌ಟಾಪನ್ನು ಅಳಿಸದೆ ಹಾಗೇ ಇಡಬೇಕು.