ಕಣಿವೆಯಲ್ಲಿ ಪ್ರಾಣಿ ಕಾಣಬೇಕಾ? ಮೊದಲು ಒಂದು ಕಡೆ ಕೂತ್ಕೊಳ್ಳಿ

ಬೈನಾಕ್ಯುಲರ್ ಕೈಗೆ ಸಿಕ್ಕಿದ್ದೇ ತಡ, ಬೆಟ್ಟವನ್ನು ಪೊರಕೆಯಲ್ಲಿ ಗುಡಿಸಿದ ಹಾಗೆ ಎರಡು ಸಲ ಆಡಿಸಿ, ‘ಏನೂ ಇಲ್ಲ, ನಡೀರಿ’ ಅನ್ನುವವರೇ ಜಾಸ್ತಿ. ಎದುರಿನ ಇಳಿಜಾರಿನಲ್ಲೇ ಜಿಂಕೆಗಳು ಮೇಯುತ್ತಿರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಕಾಶ್ಮೀರದ ಹಂಗುಲ್, ಅಮೆರಿಕದ ರಾಕಿ ಪರ್ವತಗಳ ಎಲ್ಕ್, ಈ ಎರಡೂ ದೊಡ್ಡ ಜಿಂಕೆಗಳಿಗೆ ಆಗ ಬೆದೆ. ಗಂಡುಗಳು ಕೂಗಿ ಕೂಗಿ ತಾವಿರುವ ಜಾಗ ತಾವೇ ಹೇಳಿಬಿಡುತ್ತವೆ. ಬೆಳಕು ಹರಿಯುವ ಮೊದಲೇ ಜಾಗ ಹಿಡಿಯಿರಿ.

ಬೈನಾಕ್ಯುಲರ್ 8×42 ಇರಲಿ. ಎಂಟು ಪಟ್ಟು ಸಾಕು. ಹೆಚ್ಚಾದಷ್ಟೂ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. 42 ಮಿಲಿಮೀಟರ್ ಅಗಲದ ಗಾಜು ನಸುಕಿನ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಜೂಮ್ ಮಾದರಿ, ಕೆಂಪಗೆ ಹೊಳೆಯುವ ಗಾಜಿನದ್ದು ಬೇಡವೇ ಬೇಡ.

ಈಗ ಗಾಳಿ. ಅದು ನಿಮ್ಮ ವಾಸನೆಯನ್ನು ಪ್ರಾಣಿಗಳ ಕಡೆಗೆ ಒಯ್ಯಬಾರದು. ಮೋಡವಿಲ್ಲದ ಬೆಳಗ್ಗೆ ತಣ್ಣನೆ ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ. ಹಾಗಾಗಿ ಬೆಳಗ್ಗೆ ಪ್ರಾಣಿಗಳಿಗಿಂತ ಕೆಳಗಿರಿ. ಅನುಮಾನವಿದ್ದರೆ ಚಿಟಿಕೆ ಪೌಡರ್ ತೂರಿ ನೋಡಿ.

ಎಲ್ಲರೂ ಎಡವುವುದು ನೋಡುವ ಕೆಲಸದಲ್ಲೇ. ಬಂಡೆಗೆ ಬೆನ್ನು ಕೊಟ್ಟು ಕೂತು, ಮೊಣಕೈಯನ್ನು ಮೊಣಕಾಲಿನ ಮೇಲೆ ಊರಿ. ಮೊದಲ ಐದು ನಿಮಿಷ ಬರಿಗಣ್ಣು. ಆಮೇಲೆ ಬೆಟ್ಟದ ಒಂದು ಮೂಲೆಗೆ ಬೈನಾಕ್ಯುಲರ್ ಹಿಡಿದು ಅಲ್ಲಾಡಿಸದೆ ನಿಲ್ಲಿಸಿ. ಆ ವೃತ್ತದೊಳಗೆ ಕಣ್ಣು ಮಾತ್ರ ಓಡಾಡಲಿ. ಮುಗಿದ ಮೇಲೆ ಅರ್ಧ ವೃತ್ತದಷ್ಟು ಪಕ್ಕಕ್ಕೆ ಸರಿಸಿ, ಮತ್ತೆ ನಿಲ್ಲಿಸಿ. ಸಾಲು ಮುಗಿದರೆ ಕೆಳಗಿನ ಸಾಲು, ಥೇಟ್ ಪುಸ್ತಕ ಓದಿದ ಹಾಗೆ. ಇಡೀ ಪ್ರಾಣಿಯನ್ನು ಹುಡುಕಬೇಡಿ, ಚೂರುಗಳನ್ನು ಹುಡುಕಿ: ಅಲುಗುವ ಕಿವಿ, ಕೊಂಬಿನ ತುದಿ. ಮರದ ಕಾಂಡಗಳೆಲ್ಲ ನೆಟ್ಟಗೆ ನಿಂತಿರುತ್ತವೆ, ಅಲ್ವಾ? ಅವುಗಳ ನಡುವೆ ಅಡ್ಡ ಗೆರೆ ಕಂಡರೆ ಅದು ಬೆನ್ನಾಗಿರಬಹುದು. ಒಮ್ಮೆ ನಾನು ಬಂಡೆ ಅಂತ ಮೂರು ಸಲ ದಾಟಿಸಿದ್ದು, ನಾಲ್ಕನೇ ಸಲಕ್ಕೆ ಹಿಂಗಾಲಲ್ಲಿ ಕಿವಿ ಕೆರೆದುಕೊಂಡಿತು! ಅದಕ್ಕೇ ಕೊನೆಯ ಸಾಲು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿ. ಮಲಗಿದ್ದು ಅಷ್ಟರಲ್ಲಿ ಎದ್ದಿರುತ್ತದೆ.

ಕಂಡ ಕೂಡಲೇ ಹತ್ತಿರ ಓಡಬೇಡಿ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಎಲ್ಕ್, ಬೈಸನ್‌ಗಳಿಂದ (ಅಲ್ಲಿನ ಕಾಡೆಮ್ಮೆ) ಕನಿಷ್ಠ 23 ಮೀಟರ್ ದೂರ ಇರಬೇಕು ಅನ್ನುವುದೇ ನಿಯಮ. ನನ್ನನ್ನು ಕೇಳಿದರೆ ಬೆದೆಯಲ್ಲಿರುವ ಗಂಡಿಗೆ 23 ಮೀಟರ್ ಸಾಲದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಅಡ್ಡದಾರಿಯಂತೂ ಬೇಡ. ಎದುರಾಳಿ ಬಂದ ಅಂದುಕೊಂಡು ಅದು ನಿಮ್ಮ ಕಡೆಗೇ ನುಗ್ಗಿ ಬರಬಹುದು.